ಕಳೆಯುವಾಗ ಕ್ಯಾರಿ ಉಲ್ಟಾ ಬರ್ತಿದೆ: ಸೂತ್ರ ಒಂದೇ, ಉತ್ತರ ಎರಡು

ಮಿಂಚುಬಳ್ಳಿ

ಎಲ್ರಿಗೂ ನಮಸ್ಕಾರ. ಮೂರನೇ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ವೆರಿಲಾಗ್‌ನಲ್ಲಿ (ಸರ್ಕ್ಯೂಟ್ ಬರೆಯೋ ಭಾಷೆ) 8 ಬಿಟ್‌ನ ಎಎಲ್‌ಯು (ಪ್ರೊಸೆಸರ್‌ನಲ್ಲಿ ಲೆಕ್ಕ ಮಾಡೋ ಭಾಗ) ಮಾಡ್ತಿದೀನಿ. ಎರಡು ಬಗೆಯಲ್ಲಿ ಬರೆದಿದೀನಿ. ಒಂದ್ರಲ್ಲಿ ಎಂಟು ಫುಲ್ ಆ್ಯಡರ್ (ಒಂದೊಂದು ಬಿಟ್ ಕೂಡಿ, ಕೈಯಲ್ಲಿ ಉಳಿದ ಕ್ಯಾರಿಯನ್ನ ಮುಂದಿನದಕ್ಕೆ ಕೊಡೋ ಸರ್ಕ್ಯೂಟ್) ಸಾಲಾಗಿ ಜೋಡಿಸಿದೀನಿ; ಕಳೆಯೋದಿದ್ರೆ ಬಿ-ಯ ಪ್ರತಿ ಬಿಟ್ಟನ್ನೂ ಎಕ್ಸಾರ್ ಗೇಟ್‌ನಿಂದ (ಎರಡು ಇನ್‌ಪುಟ್ ಬೇರೆ ಬೇರೆ ಇದ್ರೆ ಮಾತ್ರ 1 ಕೊಡೋದು) ತಿರುಗಿಸಿ, ಮೊದಲ ಆ್ಯಡರ್‌ನ ಕ್ಯಾರಿ-ಇನ್‌ಗೆ 1 ಕೊಡ್ತೀನಿ. ಇನ್ನೊಂದು ಒಂದೇ ಸಾಲಿನದ್ದು: ಎಡಗಡೆ ಕ್ಯಾರಿ ಮತ್ತು ಉತ್ತರ ಸೇರಿ 9 ಬಿಟ್, ಬಲಗಡೆ ಎ + ~ಬಿ + 1 (~ ಅಂದ್ರೆ ಪ್ರತಿ ಬಿಟ್ ತಿರುಗಿಸೋದು). ಸೂತ್ರ ಅದೇ ತಾನೇ?

ಎರಡನ್ನೂ ಒಂದೇ ಟೆಸ್ಟ್‌ಬೆಂಚ್‌ಗೆ (ಪರೀಕ್ಷಿಸೋ ಕೋಡ್) ಹಾಕಿ, ಎ ಮತ್ತು ಬಿ-ಗೆ ಸಾಧ್ಯವಿರೋ 65,536 ಜೋಡಿಗಳನ್ನೂ ಓಡಿಸಿದ್ರೆ ಉತ್ತರದ ಎಂಟು ಬಿಟ್ ಎಲ್ಲಾ ಕಡೆ ಸರಿಯಾಗಿ ಹೊಂದುತ್ತೆ. ಕ್ಯಾರಿ ಮಾತ್ರ ಎಲ್ಲಾ ಕಡೆ ಉಲ್ಟಾ. ಒಂದೆರಡು ಕಡೆ ತಪ್ಪಿದ್ರೆ ಹುಡುಕಬಹುದಿತ್ತು, ಇದು ಒಂದು ಬಿಡದೆ ಉಲ್ಟಾ. 5ರಲ್ಲಿ 3 ಕಳೆದ್ರೆ ಗೇಟ್‌ನದು 1 ಅನ್ನುತ್ತೆ, ಒಂದು ಸಾಲಿನದ್ದು 0 ಅನ್ನುತ್ತೆ. ಯಾವುದು ಸರಿ ನೋಡೋಣ ಅಂತ ಇಂಟೆಲ್‌ನ ಹಳೇ 8085 ಪ್ರೊಸೆಸರ್‌ನ ಸಿಮ್ಯುಲೇಟರ್ ತೆಗೆದೆ, ಅಲ್ಲಿ 0. ಆರ್ಮ್ ಪ್ರೊಸೆಸರ್‌ನ ಸಿಮ್ಯುಲೇಟರ್‌ನಲ್ಲಿ 1. ಈಗ ತಲೆ ಪೂರ್ತಿ ಕೆಟ್ಟಿದೆ.

ಹಳೇ_ಕಿಟ್

ಸಿಮ್ಯುಲೇಟರ್‌ಗಳು ಎರಡೂ ಸರಿ. ನಿನ್ನ ಪ್ರಶ್ನೆಯಲ್ಲಿ ಎರಡು ಗಂಟು ಸೇರಿಕೊಂಡಿವೆ, ಮೊದಲನೆಯದನ್ನ ನಾನು ಬಿಡಿಸ್ತೀನಿ.

ಎಎಲ್‌ಯು-ಗೆ ಕಳೆಯೋದು ಬರಲ್ಲ, ಕೂಡೋದೊಂದೇ ಬರೋದು. 8 ಬಿಟ್ಟಲ್ಲಿ ~ಬಿ ಅಂದ್ರೆ 255 − ಬಿ. ಹಾಗಾಗಿ ಎ + ~ಬಿ + 1 ಅಂದ್ರೆ 256 + (ಎ − ಬಿ). ಎ ದೊಡ್ಡದು ಅಥವಾ ಸಮ ಇದ್ರೆ ಮೊತ್ತ 256 ಮುಟ್ಟುತ್ತೆ, ಒಂಬತ್ತನೇ ಬಿಟ್ 1 ಆಗುತ್ತೆ. ಎ ಚಿಕ್ಕದಿದ್ರೆ 256ರ ಒಳಗೇ ನಿಲ್ಲುತ್ತೆ, 0. ಕಾಗದದ ಮೇಲೆ ನೋಡು:

5 − 3: 00000101 + 11111100 + 1 = 1 00000010
3 − 5: 00000011 + 11111010 + 1 = 0 11111110

ಅಂದ್ರೆ ಕಳೆಯುವಾಗ ಆ್ಯಡರ್‌ನಿಂದ ಹೊರಬರೋ 1ಕ್ಕೆ "ಬಾರೊ (ಮುಂದಿನ ಸ್ಥಾನದಿಂದ ಸಾಲ) ಬೇಕಾಗಲಿಲ್ಲ" ಅಂತ ಅರ್ಥ. ಈ ತಂತಿಯನ್ನ ಹಾಗೇ ಫ್ಲ್ಯಾಗ್‌ಗೆ (ಲೆಕ್ಕದ ಫಲ ಹೇಗಿತ್ತು ಅಂತ ನೆನಪಿಡೋ ಬಿಟ್) ಕೊಡಬೇಕೋ, ತಿರುಗಿಸಿ ಕೊಡಬೇಕೋ ಅನ್ನೋದು ಡಿಸೈನ್ ಮಾಡಿದವರ ಇಷ್ಟ. ಇಂಟೆಲ್‌ನವರು ತಿರುಗಿಸಿ ಕೊಟ್ಟರು. 8080, 8085, ಆಮೇಲೆ ಇವತ್ತಿನ ಲ್ಯಾಪ್‌ಟಾಪ್‌ನ ಎಕ್ಸ್86 ತನಕ, ಕಳೆದ ಮೇಲೆ ಕ್ಯಾರಿ 1 ಅಂದ್ರೆ ಬಾರೊ ಆಗಿದೆ. ಸಿಎಂಪಿ (ಹೋಲಿಸೋ ಆದೇಶ) ಆದ್ಮೇಲೆ ಜೆಸಿ (ಕ್ಯಾರಿ 1 ಇದ್ರೆ ಹಾರೋ ಆದೇಶ) ಹಾಕಿದ್ರೆ "ಎ ಚಿಕ್ಕದಿದ್ರೆ ಹಾರು" ಅಂತ ನೇರವಾಗಿ ಓದಿಕೊಳ್ಳಬಹುದು.

1975ರ 6502 ಪ್ರೊಸೆಸರ್ ತಿರುಗಿಸಲೇ ಇಲ್ಲ. ಅದರ ಎಸ್‌ಬಿಸಿ (ಕಳೆಯೋ ಆದೇಶ) ಮಾಡೋದು ಎ + ~ಎಂ + ಸಿ, ಅಷ್ಟೇ (ಎಂ ಅಂದ್ರೆ ಕಳೆಯೋ ಸಂಖ್ಯೆ, ಸಿ ಅಂದ್ರೆ ಕ್ಯಾರಿ ಫ್ಲ್ಯಾಗ್). ಅದಕ್ಕೇ ಕಳೆಯೋಕೆ ಮುಂಚೆ ಎಸ್‌ಇಸಿ ಬರೆದು ಕ್ಯಾರಿಯನ್ನ 1 ಮಾಡಿಕೋಬೇಕು, ಮರೆತ್ರೆ ಉತ್ತರದಲ್ಲಿ ಒಂದು ಕಮ್ಮಿ. 6502 ಹಾಕಿ ಬಿಬಿಸಿ ಮೈಕ್ರೋ ಕಂಪ್ಯೂಟರ್ ಮಾಡಿದ ಏಕಾರ್ನ್ ಕಂಪನಿಯವರೇ 1985ರಲ್ಲಿ ಮೊದಲ ಆರ್ಮ್ ಮಾಡಿದ್ದು. ಅಲ್ಲೂ ಅದೇ ಕ್ರಮ. ಆರ್ಮ್‌ನಲ್ಲಿ "ಚಿಕ್ಕದಿದ್ರೆ ಹಾರು" ಅನ್ನೋದೂ "ಕ್ಯಾರಿ 0 ಇದ್ರೆ ಹಾರು" ಅನ್ನೋದೂ ಒಂದೇ ಆದೇಶ, ಹೆಸರು ಮಾತ್ರ ಎರಡು.

ವೇಫರ್_ವೆಂಕ

ಎರಡನೇ ಗಂಟು ನನ್ನ ಪಾಲಿಗೆ. ನಾನು ವೆರಿಫಿಕೇಶನ್‌ನಲ್ಲಿ ಕೆಲಸ ಮಾಡೋನು. ಈ ಜಾಗದಲ್ಲಿ ಎಡವಿದ ಕೋಡ್ ಬೇಕಾದಷ್ಟು ನೋಡಿದೀನಿ.

ನಿನ್ನ ಒಂದು ಸಾಲಿನ ಕೋಡ್ ನೀನಂದುಕೊಂಡ ಸೂತ್ರವನ್ನ ಮಾಡ್ತಾ ಇಲ್ಲ. ವೆರಿಲಾಗ್ ಎಡಗಡೆ ಎಷ್ಟು ಅಗಲ ಇದೆ ಅಂತ ಮೊದಲು ನೋಡುತ್ತೆ. ಅಲ್ಲಿ 9 ಬಿಟ್ ಇದೆ. ಆದ್ರಿಂದ ಬಲಗಡೆಯ ಎ, ಬಿ ಎರಡನ್ನೂ ಮೊದಲು ಸೊನ್ನೆ ತುಂಬಿ ಅಗಲ ಮಾಡುತ್ತೆ, ಆಮೇಲೆ ~ ಹಾಕುತ್ತೆ. ಬಿ = 3 ಅಂದ್ರೆ 000000011. ತಿರುಗಿಸಿದ್ರೆ 111111100. ನೋಡಿದ್ಯಾ, ಒಂಬತ್ತನೇ ಜಾಗದಲ್ಲಿ ನೀನು ಕೇಳದೇ ಇದ್ದ ಒಂದು 1 ಬಂದು ಕೂತಿದೆ. ಅದಕ್ಕೆ 5 ಮತ್ತು 1 ಕೂಡಿದ್ರೆ 000000010, ಹತ್ತನೇ ಬಿಟ್ಟಿಗೆ ಹೋದ ಕ್ಯಾರಿ ಬಿದ್ದುಹೋಯ್ತು. ನಿನ್ನ ಕ್ಯಾರಿಗೆ 0 ಸಿಕ್ತು.

(1 ಅಂತ ಬರೀ ಅಂಕಿ ಬರೆದಿದ್ರೆ ಅದು 32 ಬಿಟ್, ಲೆಕ್ಕ ಪೂರ್ತಿ 32 ಬಿಟ್‌ನಲ್ಲಿ ನಡೆದು ಕೊನೆಗೆ 9ಕ್ಕೆ ಕತ್ತರಿಸುತ್ತೆ. ಫಲಿತಾಂಶ ಅದೇ.)

ಆ ಹೆಚ್ಚುವರಿ 1 ಯಾವಾಗಲೂ ಇರುತ್ತೆ, ಅದಕ್ಕೇ ನಿನ್ನ ಕ್ಯಾರಿ ಯಾವಾಗಲೂ ಉಲ್ಟಾ. ಇಂಟೆಲ್ ಕ್ರಮದ ಬಾರೊ ಫ್ಲ್ಯಾಗನ್ನ ನೀನು ಪುಕ್ಕಟೆ ಪಡೆದಿದೀಯ. ನಿಜವಾದ ಕ್ಯಾರಿ ಬೇಕಿದ್ರೆ ~ಬಿ-ಯನ್ನ ಮೊದಲು 8 ಬಿಟ್‌ನ ಒಂದು ವೈರ್‌ಗೆ ಹಾಕಿ, ಆ ವೈರನ್ನ ಕೂಡು. ಇಲ್ಲಾಂದ್ರೆ ~ಬಿ-ಗೆ ಹೂವಿನ ಬ್ರಾಕೆಟ್ ಹಾಕು. ಹೂವಿನ ಬ್ರಾಕೆಟ್ ಒಳಗಿನದಕ್ಕೆ ಹೊರಗಿನ ಅಗಲ ತಗಲೋದಿಲ್ಲ, ಅದು ತನ್ನ 8 ಬಿಟ್ಟಲ್ಲೇ ಇರುತ್ತೆ. ಸಾದಾ ಬ್ರಾಕೆಟ್ ಹಾಕಿದ್ರೆ ಏನೂ ಬದಲಾಗಲ್ಲ, ಅದನ್ನ ನಂಬ್ಕೋಬೇಡ.

ಮಿಂಚುಬಳ್ಳಿ

ಹೂವಿನ ಬ್ರಾಕೆಟ್ ಹಾಕಿದೆ, 65,536ಕ್ಕೂ ಹೊಂದಿಕೆ!! ಥ್ಯಾಂಕ್ಸ್ ವೆಂಕ ಅವ್ರೇ. ಸಾದಾ ಬ್ರಾಕೆಟ್‌ನೂ ಹಾಕಿ ನೋಡಿದೆ, ಹೌದು, ಏನೂ ಆಗಲ್ಲ.

ಇನ್ನೊಂದು ಕೇಳ್ಲಾ? ನಮ್ಮ ಬ್ಯಾಚ್‌ನಲ್ಲಿ ಓವರ್‌ಫ್ಲೋ ಫ್ಲ್ಯಾಗ್‌ಗೂ (ಸೈನ್ ಇರೋ ಉತ್ತರ 8 ಬಿಟ್‌ನಲ್ಲಿ ಹಿಡಿಸಲಿಲ್ಲ ಅಂತ ಹೇಳೋದು) ಕ್ಯಾರಿ ತಂತಿಯನ್ನೇ ಕೊಟ್ಟವರಿದ್ದಾರೆ. "ಎರಡೂ ಒಂದೇ, 8085ನಲ್ಲಿ ಓವರ್‌ಫ್ಲೋ ಫ್ಲ್ಯಾಗೇ ಇಲ್ಲವಲ್ಲ" ಅಂತಾರೆ.

ಧಾರವಾಡದ_ಆ್ಯಡರ್

ಇಲ್ಲ ಅನ್ನೋದು ಖರೇ, ಒಂದೇ ಅನ್ನೋದು ಸುಳ್ಳು. 8085ರ ಪುಸ್ತಕದಾಗ ಐದು ಫ್ಲ್ಯಾಗ್ ಅದಾವ: ಸೈನ್, ಝೀರೋ, ಆಕ್ಸಿಲರಿ ಕ್ಯಾರಿ, ಪ್ಯಾರಿಟಿ, ಕ್ಯಾರಿ. ಓವರ್‌ಫ್ಲೋ ಇಲ್ಲ. ಹಂಗಾಗಿ ಋಣ ಸಂಖ್ಯೆ ಹೋಲಿಸಬೇಕಂದ್ರ ಆ ಕಾಲದಾಗ ಸೈನ್ ಬಿಟ್ ತಗದು ನೋಡೋ ಪಜೀತಿ ಇತ್ತು. 1978ರ 8086ಕ್ಕ ಅದು ಬೇರೆ ಫ್ಲ್ಯಾಗ್ ಆಗಿ ಬಂತು.

ಪರೀಕ್ಷೆದಾಗ "ಕ್ಯಾರಿ ಬಂತು, ಅಂದ್ರ ಓವರ್‌ಫ್ಲೋ ಆತು" ಅಂತ ಬರಿಯೋ ಹುಡುಗ್ರು ಭಾಳ ಮಂದಿ. ನಾ ಅವರಿಗೆ ಎರಡ ಲೆಕ್ಕ ಕೊಡ್ತೀನಿ.

100 + 50. ಬಿಟ್ಟಿನ್ಯಾಗ 01100100 + 00110010 = 10010110, ಕ್ಯಾರಿ 0. ಸೈನ್ ಇಲ್ದ ಓದಿದ್ರ 150, ಬರೋಬ್ಬರಿ. ಸೈನ್ ಹಚ್ಚಿ (ಎಡಗಡೆ ಮೊದಲ ಬಿಟ್ 1 ಇದ್ರ 256 ಕಳದು) ಓದಿದ್ರ −106! ಎರಡು ಧನ ಕೂಡಿಸಿ ಋಣ ಬಂತು. ಕ್ಯಾರಿ ಇಲ್ಲ, ಓವರ್‌ಫ್ಲೋ ಐತಿ.

200 + 100. 11001000 + 01100100 = 00101100, ಕ್ಯಾರಿ 1. ಸೈನ್ ಇಲ್ದ ಓದಿದ್ರ 44, ತಪ್ಪು, 300 ಬರಬೇಕಿತ್ತು. ಸೈನ್ ಹಚ್ಚಿದ್ರ ಇದ ಲೆಕ್ಕ −56 + 100, ಉತ್ತರ 44, ಸರಿ! ಕ್ಯಾರಿ ಐತಿ, ಓವರ್‌ಫ್ಲೋ ಇಲ್ಲ.

ಆ್ಯಡರ್‌ಗೆ ಈ 11001000 ಅನ್ನೋದು 200ನೋ −56ನೋ ಗೊತ್ತಿಲ್ಲ, ಗೊತ್ತಾಗೋ ಜರೂರಿನೂ ಇಲ್ಲ. ಎರಡೂ ಓದಿಗೆ ಒಂದ ಸರ್ಕ್ಯೂಟ್ ಸಾಕು, ಋಣ ಸಂಖ್ಯೆ ಬರಿಯೋ ಈ ರೀತಿಯ, ಅಂದ್ರ ಎರಡರ ಪೂರಕದ, ದೊಡ್ಡ ಲಾಭ ಅದ. ಆದ್ರ ತಪ್ಪಾತೋ ಇಲ್ಲೋ ಹೇಳಾಕ ಎರಡು ಫ್ಲ್ಯಾಗ್ ಬೇಕು, ಯಾಕಂದ್ರ ಓದೋ ರೀತಿ ಎರಡು. ಓವರ್‌ಫ್ಲೋಗೆ ಒಂದ ಎಕ್ಸಾರ್ ಗೇಟ್: ಕೊನೇ ಆ್ಯಡರ್ ಒಳಗ ಹೋಗೋ ಕ್ಯಾರಿ, ಹೊರಗ ಬರೋ ಕ್ಯಾರಿ, ಇವೆರಡೂ ಬ್ಯಾರೆ ಇದ್ರ 1. ಮ್ಯಾಲಿನ ಮೊದಲ ಲೆಕ್ಕದಾಗ ಒಳಗ 1 ಹೋಗಿ ಹೊರಗ 0 ಬಂತು. ಎರಡನೇದ್ರಾಗ ಒಳಗ 1, ಹೊರಗೂ 1.

ಸೈನ್ ಹಚ್ಚಿ "ಚಿಕ್ಕದೇನು" ಅಂತ ಕೇಳೋದಿದ್ರ ಬರೀ ಸೈನ್ ಬಿಟ್ ನೋಡಿದ್ರ ಮೋಸ ಹೋಗ್ತೀರಿ. −100 ಮತ್ತು 50 ಹೋಲಿಸ್ರಿ. ಕಳದ್ರ −150, 8 ಬಿಟ್ಟಿನ್ಯಾಗ ಹಿಡಿಯೂದಿಲ್ಲ, 01101010 ಅಂದ್ರ +106 ಅಂತ ಕಾಣಿಸ್ತೈತಿ. ಸೈನ್ 0, ಓವರ್‌ಫ್ಲೋ 1. ಎರಡನ್ನೂ ಎಕ್ಸಾರ್ ಮಾಡಿದ್ರ 1, ಚಿಕ್ಕದು, ಸರಿ ಉತ್ತರ.

ಸುಮ್ನೆ_ಓದ್ತೀನಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಕ್ಯಾರಿ ಲುಕ್-ಅಹೆಡ್ ಆ್ಯಡರ್ ಕೈಯಾರೆ ಬರೆದು ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ತುಂಬಿಸಬಹುದಾದ ಚಿಪ್) ಬೋರ್ಡ್‌ಗೆ ಹಾಕಿದೆ, 32 ಬಿಟ್. ಟೈಮಿಂಗ್ ರಿಪೋರ್ಟ್‌ನಲ್ಲಿ ಅದು ಬರೀ ಎ + ಬಿ ಅಂತ ಬರೆದಿದ್ದಕ್ಕಿಂತ ನಿಧಾನ ಬರ್ತಿದೆ. ಪುಸ್ತಕದಲ್ಲಿ ಉಲ್ಟಾ ಇದೆಯಲ್ಲ?

ವೇಫರ್_ವೆಂಕ

ಪುಸ್ತಕ ಗೇಟ್‌ಗಳ ಬಗ್ಗೆ ಮಾತಾಡ್ತಿದೆ, ನಿಮ್ಮ ಬೋರ್ಡ್‌ನಲ್ಲಿ ಗೇಟ್‌ಗಳಿಲ್ಲ.

ರಿಪಲ್ ಆ್ಯಡರ್ ಅಂದ್ರೆ ಪರೀಕ್ಷಾ ಹಾಲ್‌ನಲ್ಲಿ ಚೀಟಿ ದಾಟಿಸಿದ ಹಾಗೆ. ಕೊನೇ ಬೆಂಚಿನವನಿಗೆ ಮುಂದಿನವರೆಲ್ಲ ಕೈ ಬದಲಾಯಿಸಿದ ಮೇಲೇ ಸಿಗೋದು. ಪ್ರತಿ ಹಂತಕ್ಕೆ ಎರಡು ಗೇಟ್ ಅಂತ ಹಿಡಿದ್ರೂ 32 ಬಿಟ್‌ಗೆ ಸುಮಾರು 64 ಗೇಟ್‌ನ ತಡ. ಲುಕ್-ಅಹೆಡ್ ಏನ್ ಮಾಡುತ್ತೆ ಅಂದ್ರೆ ಪ್ರತಿ ಬಿಟ್‌ಗೂ ಎರಡೇ ಪ್ರಶ್ನೆ ಕೇಳುತ್ತೆ: ನೀನೇ ಕ್ಯಾರಿ ಹುಟ್ಟಿಸ್ತೀಯಾ (ಎರಡೂ 1), ಇಲ್ಲಾ ಬಂದದ್ದನ್ನ ದಾಟಿಸ್ತೀಯಾ (ಎರಡರಲ್ಲಿ ಒಂದು 1)? ಇವೆರಡಕ್ಕೂ ಹಿಂದಿನ ಕ್ಯಾರಿ ಬೇಡ, ಎಲ್ಲಾ ಬಿಟ್‌ಗಳೂ ಒಟ್ಟಿಗೇ ಉತ್ತರ ಕೊಡ್ತಾವೆ. ಆ ಉತ್ತರಗಳಿಂದ ಎಲ್ಲಾ ಕ್ಯಾರಿಗಳನ್ನೂ ಒಂದೇ ಏಟಿಗೆ ಲೆಕ್ಕ ಹಾಕಬಹುದು. ತೊಂದರೆ ಏನಂದ್ರೆ ಮುಂದೆ ಹೋದಂತೆ ಗೇಟ್‌ನ ಇನ್‌ಪುಟ್‌ಗಳು ಹೆಚ್ಚುತ್ತವೆ, ಅದಕ್ಕೇ ನಾಲ್ಕು ನಾಲ್ಕು ಬಿಟ್‌ನ ಗುಂಪು ಮಾಡೋದು. 1970ರ 74181 ಚಿಪ್ 4 ಬಿಟ್‌ನ ಎಎಲ್‌ಯು, ಅದರ ಜೊತೆಗೆ ಗುಂಪುಗಳ ಕ್ಯಾರಿ ನೋಡಿಕೊಳ್ಳೋಕೆ 74182 ಅಂತ ಬೇರೆ ಚಿಪ್ಪೇ ಇತ್ತು. 1973ರ ಕೊಗ್ಗೆ–ಸ್ಟೋನ್ ವಿನ್ಯಾಸ ಇದೇ ಯೋಚನೆಯನ್ನ ಮರದ ಥರ ಕಟ್ಟಿತು. ಅದರಲ್ಲಿ 32 ಬಿಟ್‌ಗೆ 5 ಹಂತ, 64ಕ್ಕೆ 6. ತಂತಿಗಳ ಗೋಜಲು ಮಾತ್ರ ವಿಪರೀತ.

ಎಫ್‌ಪಿಜಿಎ ಕಥೆ ಬೇರೆ. ಅದರೊಳಗೆ ಕೂಡೋದಕ್ಕೆ ಅಂತಲೇ ಸಿಲಿಕಾನ್‌ನಲ್ಲಿ ಹೊಯ್ದ ಕ್ಯಾರಿ ಚೈನ್ ಇರುತ್ತೆ. ಝೈಲಿಂಕ್ಸ್‌ನ 7 ಸರಣಿಯಲ್ಲಾದ್ರೆ ಒಂದೊಂದು ಸ್ಲೈಸ್‌ನಲ್ಲಿ ನಾಲ್ಕು ಬಿಟ್‌ನದ್ದು. ಅದೂ ರಿಪಲ್ಲೇ, ಆದ್ರೆ ಅತಿ ವೇಗದ ರಿಪಲ್. ನೀವು + ಅಂತ ಬರೆದ್ರೆ ಟೂಲ್ ಅದನ್ನ ಗುರುತು ಹಿಡಿದು ಚೈನ್‌ಗೆ ಹಾಕುತ್ತೆ. ಲುಕ್-ಅಹೆಡ್ ಬಿಡಿಸಿ ಬರೆದ್ರೆ ಅದಕ್ಕೆ ಅದು ಕೂಡುವ ಲೆಕ್ಕ ಅಂತ ಹೊಳೆಯೋದಿಲ್ಲ, ಸಾಮಾನ್ಯ ಲುಕ್-ಅಪ್ ಟೇಬಲ್‌ಗಳಲ್ಲಿ (ಗೇಟ್ ಬದಲು ಉತ್ತರ ಬರೆದಿಟ್ಟ ಪಟ್ಟಿ) ಹರಡಿ, ಅವುಗಳ ನಡುವೆ ಉದ್ದುದ್ದ ತಂತಿ ಎಳೆಯುತ್ತೆ. ಸಮಯ ಹೋಗೋದು ಆ ತಂತಿಗಳಲ್ಲಿ. ರಿಪೋರ್ಟ್‌ನಲ್ಲಿ ಲಾಜಿಕ್ ತಡ ಎಷ್ಟು, ರೂಟಿಂಗ್ ತಡ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತೆ, ನೋಡಿ.

ಹಳೇ_ಕಿಟ್

ಸಣ್ಣ ಉಪಕಥೆ. ಕ್ಯಾರಿಗಾಗಿ ಕಾಯೋ ಈ ಬೇಸರ ವಿದ್ಯುತ್ತಿಗಿಂತ ಹಳೇದು. ಚಾರ್ಲ್ಸ್ ಬ್ಯಾಬೇಜ್ ತನ್ನ ಅನಾಲಿಟಿಕಲ್ ಎಂಜಿನ್‌ಗೆ, ಹಲ್ಲಿನ ಚಕ್ರಗಳಲ್ಲೇ, ಕ್ಯಾರಿಯನ್ನ ಮುಂಚಿತವಾಗಿ ಊಹಿಸೋ ಯಂತ್ರಭಾಗವನ್ನ ವಿನ್ಯಾಸ ಮಾಡಿದ್ದ. 1830ರ ದಶಕದಲ್ಲಿ! ಸಾಲಾಗಿ 9 ಇರೋ ಚಕ್ರಗಳನ್ನ ಕ್ಯಾರಿ ಒಂದೇ ಸಲಕ್ಕೆ ದಾಟಬೇಕು ಅನ್ನೋದು ಅವನ ಹಟ. ವೆಂಕ ಹೇಳಿದ "ಬಂದದ್ದನ್ನ ದಾಟಿಸ್ತೀಯಾ" ಅನ್ನೋ ಪ್ರಶ್ನೆ ಅಲ್ಲಿ "ನಿನ್ನ ಮೇಲೆ 9 ಇದೆಯಾ" ಅಂತ.

ಕಂಪೈಲರ್_ಕಾಕ

ನೀವೆಲ್ಲ ಫ್ಲ್ಯಾಗ್ ಫ್ಲ್ಯಾಗ್ ಅಂತಿದೀರಿ, ರಿಸ್ಕ್-ವಿ-ಯಲ್ಲಿ (ಪ್ರೊಸೆಸರ್ ಆದೇಶಗಳ ಇನ್ನೊಂದು ಕ್ರಮ) ಇಂಥ ಒಂದೂ ಫ್ಲ್ಯಾಗ್ ಇಲ್ಲ ಗೊತ್ತಲ್ಲ? ಕ್ಯಾರಿನೂ ಇಲ್ಲ, ಓವರ್‌ಫ್ಲೋನೂ ಇಲ್ಲ, ಝೀರೋನೂ ಇಲ್ಲ. ಮದ್ರಾಸ್ ಐಐಟಿ-ಯ ಶಕ್ತಿ ಪ್ರೊಸೆಸರ್ ಕೂಡ ರಿಸ್ಕ್-ವಿ-ಯೇ, ಅಲ್ಲೂ ಅದೇ ಕಥೆ. ನಮ್ಮ ಹುಡುಗರು ಇನ್ನೂ 8085ರ ಫ್ಲ್ಯಾಗ್ ರಿಜಿಸ್ಟರ್ ಚಿತ್ರ ಬಿಡಿಸ್ತಾ ಕೂತಿರೋದು ನೋಡಿದ್ರೆ ಬೇಜಾರಾಗುತ್ತೆ.

ಹಳೇ_ಕಿಟ್

ಫ್ಲ್ಯಾಗ್ ಇಲ್ಲದೆ 128 ಬಿಟ್‌ನ ಎರಡು ಸಂಖ್ಯೆ ಕೂಡಿಸಿ ತೋರಿಸಪ್ಪ.

ಕಂಪೈಲರ್_ಕಾಕ

ಕೂಡಿಸೋಣ. ಕೆಳಗಿನ 64 ಬಿಟ್ ಕೂಡಿದ ಮೇಲೆ, ಮೊತ್ತ ಕೂಡಿದ ಸಂಖ್ಯೆಗಿಂತ ಚಿಕ್ಕದಾಯ್ತಾ ಅಂತ ಎಸ್‌ಎಲ್‌ಟಿಯು ಆದೇಶದಿಂದ ನೋಡೋದು. ಸೈನ್ ಇಲ್ಲದ ಲೆಕ್ಕದಲ್ಲಿ ಕೂಡಿದ್ದು ಚಿಕ್ಕದಾದ್ರೆ ಸುತ್ತು ಹೊಡೆದಿದೆ ಅಂತಲೇ ಅರ್ಥ. ಆ 1 ಅಥವಾ 0 ಒಂದು ಸಾಮಾನ್ಯ ರಿಜಿಸ್ಟರ್‌ಗೆ ಬರುತ್ತೆ, ಅದನ್ನ ಮೇಲಿನ ಮೊತ್ತಕ್ಕೆ ಕೂಡು. ನಾಲ್ಕು ಆದೇಶ. ನಿಮ್ಮಲ್ಲಿ ಆ್ಯಡ್, ಎಡಿಸಿ (ಕ್ಯಾರಿನೂ ಸೇರಿಸಿ ಕೂಡೋದು), ಎರಡು.

ಫ್ಲ್ಯಾಗ್ ಯಾಕೆ ಬೇಡ ಅಂದ್ರೆ, ಈಗಿನ ಪ್ರೊಸೆಸರ್‌ಗಳು ಆದೇಶಗಳನ್ನ ಹಿಂದೆ ಮುಂದೆ ಮಾಡಿ ಓಡಿಸ್ತಾವೆ. ಎಲ್ಲರೂ ಬರೆಯೋ, ಎಲ್ಲರೂ ಓದೋ ಒಂದೇ ಫ್ಲ್ಯಾಗ್ ರಿಜಿಸ್ಟರ್ ಇದ್ರೆ ಯಾವ ಆದೇಶ ಬರೆದ ಫ್ಲ್ಯಾಗನ್ನ ಯಾವುದು ಓದಬೇಕು ಅಂತ ಲೆಕ್ಕ ಇಡೋದೇ ಬೇರೆ ಕೆಲಸ. ಎಕ್ಸ್86ನಲ್ಲಿ ಅದಕ್ಕೆಂದೇ ಹಾರ್ಡ್‌ವೇರ್ ಸುರಿದಿದ್ದಾರೆ.

ಹಳೇ_ಕಿಟ್

128ಕ್ಕೆ ನಿಲ್ಲಿಸಿಬಿಟ್ಟೆ, ಜಾಣ. 2048 ಬಿಟ್‌ನ ಆರ್‌ಎಸ್‌ಎ (ಗೂಢಲಿಪಿ) ಲೆಕ್ಕಕ್ಕೆ 64 ಬಿಟ್‌ನ 32 ತುಂಡು. ಮಧ್ಯದ ಪ್ರತಿ ತುಂಡಿಗೂ ಒಳಬರೋ ಕ್ಯಾರಿ ಇದೆ, ಹೊರಹೋಗೋ ಕ್ಯಾರಿನೂ ಇದೆ. ಎರಡು ಸಲ ಕೂಡಬೇಕು, ಎರಡು ಸಲ ಹೋಲಿಸಬೇಕು, ಎರಡೂ ಹೋಲಿಕೆಯನ್ನ ಸೇರಿಸಬೇಕು: ಐದು ಆದೇಶ, ಎಡಿಸಿ ಒಂದೇ ಮಾಡೋ ಕೆಲಸಕ್ಕೆ. ದೊಡ್ಡ ಸಂಖ್ಯೆಗಳ ಲೈಬ್ರರಿ ಬರೆಯೋರು ರಿಸ್ಕ್-ವಿ ಮೇಲೆ ಗೊಣಗಿದ್ದು ಇದಕ್ಕೇ. ಇಂಟೆಲ್ ಅಂತೂ 2014ರ ಬ್ರಾಡ್‌ವೆಲ್‌ನಲ್ಲಿ ಎಡಿಸಿಎಕ್ಸ್, ಎಡಿಒಎಕ್ಸ್ ಅಂತ ಎರಡು ಆದೇಶ ತಂದಿತು. ಒಂದು ಕ್ಯಾರಿ ಫ್ಲ್ಯಾಗ್ ಮಾತ್ರ ಮುಟ್ಟುತ್ತೆ, ಇನ್ನೊಂದು ಓವರ್‌ಫ್ಲೋ ಫ್ಲ್ಯಾಗನ್ನೇ ಎರಡನೇ ಕ್ಯಾರಿ ಥರ ಬಳಸುತ್ತೆ. ಎರಡು ಕ್ಯಾರಿ ಸರಪಳಿ ಒಟ್ಟೊಟ್ಟಿಗೆ ಓಡಲಿ ಅಂತ.

ಕಂಪೈಲರ್_ಕಾಕ

ಆ ಐದರ ಲೆಕ್ಕ ಒಪ್ಕೊಳ್ಳೋಣ. ಆದ್ರೆ ಅಂಥ ಕೋಡ್ ಒಟ್ಟು ಕೆಲಸದಲ್ಲಿ ಎಷ್ಟಿರುತ್ತೆ? ನಾನು ದಿನವಿಡೀ ನೋಡೋ ಕೋಡ್‌ನಲ್ಲಿ ಕ್ಯಾರಿ ಕೇಳೋರೇ ಅಪರೂಪ. ಸಿ ಭಾಷೆಯಲ್ಲಿ ಕ್ಯಾರಿ ಓದೋ ಚಿಹ್ನೆಯೇ ಇಲ್ಲ ನೋಡಿ.

ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ, ಈ ಹುಡುಗರಿಗೆ ಅದನ್ನ ಹೇಳಬೇಕು. ಹಾರ್ಡ್‌ವೇರ್‌ನಲ್ಲಿ ಸುತ್ತು ಹೊಡೆಯುತ್ತೆ ಅಂತ ಕಲಿತವರು ಸಿ-ಯಲ್ಲಿ "ಎಕ್ಸ್ + 1 ಅನ್ನೋದು ಎಕ್ಸ್‌ಗಿಂತ ಚಿಕ್ಕದಾದ್ರೆ ಓವರ್‌ಫ್ಲೋ" ಅಂತ ಪರೀಕ್ಷೆ ಬರೀತಾರೆ. ಎಕ್ಸ್ ಅನ್ಸೈನ್ಡ್ ಆದ್ರೆ ಸರಿ. ಸೈನ್ಡ್ ಇಂಟ್ ಆದ್ರೆ ಭಾಷೆಯ ನಿಯಮದ ಪ್ರಕಾರ ಓವರ್‌ಫ್ಲೋ ಆಗೋ ಹಾಗೇ ಇಲ್ಲ, ಆದ್ದರಿಂದ ಆ ಪರೀಕ್ಷೆ ಎಂದಿಗೂ ಸುಳ್ಳು ಅಂತ ತೀರ್ಮಾನಿಸಿ ಕಂಪೈಲರ್ ಅದನ್ನ ಕಿತ್ತುಹಾಕಬಹುದು, ಹಾಕುತ್ತೆ ಕೂಡ. ಸಿ23 (ಸಿ ಭಾಷೆಯ ಹೊಸ ಮಾನದಂಡ) ಬಂದು ಸೈನ್ಡ್ ಸಂಖ್ಯೆಗೆ ಎರಡರ ಪೂರಕ ಕಡ್ಡಾಯ ಮಾಡ್ತು, ಆದ್ರೂ ಈ ನಿಯಮ ಬದಲಾಗಲಿಲ್ಲ. ಅದೇ ಸಿ23ನಲ್ಲಿ ಕೂಡಿ, ತಪ್ಪಾಯ್ತಾ ಅಂತನೂ ಹೇಳೋ ಸಿಕೆಡಿ-ಆ್ಯಡ್ ಇದೆ. ಅದನ್ನ ಬಳಸಿ.

ಧಾರವಾಡದ_ಆ್ಯಡರ್

ಇವರಿಬ್ಬರ ಕುಸ್ತಿ ಮುಗಿಯೂದಲ್ಲ. 🙂 ಫ್ಲ್ಯಾಗ್ ಇರ್ಲಿ ಬಿಡ್ಲಿ, ಸೈನ್‌ನ ಪ್ರಶ್ನೆ ಎಲ್ಲಿ ಹೇಳ್ಲೇಬೇಕು ಅನ್ನೋದು ಆದೇಶಗಳ ಪಟ್ಟಿ ನೋಡಿದ್ರ ತಿಳೀತೈತಿ. ರಿಸ್ಕ್-ವಿ-ದಾಗ ಕೂಡೋದು ಒಂದ ಆದೇಶ, ಕಳಿಯೋದು ಒಂದ. ಹೋಲಿಕಿಗೆ ಎರಡು, ಬಲಕ್ಕ ಸರಿಸಾಕ ಎರಡು, ಭಾಗಾಕಾರಕ್ಕ ಎರಡು. ಗುಣಾಕಾರ ಮಜಾ ಐತಿ: ಕೆಳಗಿನ ಅರ್ಧಕ್ಕ ಒಂದ ಆದೇಶ ಸಾಕು, ಮೇಲಿನ ಅರ್ಧಕ್ಕ ಮೂರು ಬೇಕು. 8 ಬಿಟ್ಟಿನ್ಯಾಗ 11111111ನ್ನ ತನ್ನಿಂದ ತಾನ ಗುಣಿಸ್ರಿ. 255 × 255 ಅಂದ್ರ 65,025, ಬಿಟ್ಟಿನ್ಯಾಗ 11111110 00000001. ಅದನ್ನ −1 × −1 ಅಂತ ಓದಿದ್ರ 00000000 00000001. ಕೆಳಗಿನ ಎಂಟು ಬಿಟ್ ಒಂದ, ಮ್ಯಾಲಿಂದು ಪೂರಾ ಬ್ಯಾರೆ.

ಸುಮ್ನೆ_ಓದ್ತೀನಿ

ಭಾಗಾಕಾರದಲ್ಲಿ ಸೊನ್ನೆಯಿಂದ ಭಾಗಿಸಿದ್ರೆ?

ಕಂಪೈಲರ್_ಕಾಕ

ಎಕ್ಸ್86 ಎಕ್ಸೆಪ್ಷನ್ ಎಸೆಯುತ್ತೆ. ರಿಸ್ಕ್-ವಿ ತಣ್ಣಗೆ ಎಲ್ಲಾ ಬಿಟ್ಟನ್ನೂ 1 ಮಾಡಿ ಕೊಟ್ಟು ಮುಂದೆ ಹೋಗುತ್ತೆ. ಅತಿ ಚಿಕ್ಕ ಋಣ ಸಂಖ್ಯೆಯನ್ನ −1ರಿಂದ ಭಾಗಿಸಿದ್ರೂ ಹೀಗೇ: ಅಲ್ಲಿ ಎಕ್ಸೆಪ್ಷನ್, ಇಲ್ಲಿ ಅದೇ ಸಂಖ್ಯೆ ವಾಪಸ್.

ಮಿಂಚುಬಳ್ಳಿ

ಕೊನೇದೊಂದು. ನನ್ನ ಪಾರ್ಟ್‌ನರ್ ಕಳೆಯೋಕೆ ಬೇರೆ ದಾರಿ ಹಿಡಿದಿದಾಳೆ. ಮೊದಲು ಬೇರೆ ಬ್ಲಾಕ್‌ನಲ್ಲಿ ಬಿ-ಯ ಎರಡರ ಪೂರಕ ಪೂರ್ತಿ ತೆಗೆದು 8 ಬಿಟ್‌ನಲ್ಲಿ ಇಟ್ಕೊಂಡು, ಆಮೇಲೆ ಎ-ಗೆ ಕೂಡ್ತಾಳೆ. ಉತ್ತರ ಸರಿ. ಕ್ಯಾರಿ ಮಾತ್ರ 256 ಕಡೆ ನನ್ನದಕ್ಕೆ ಹೊಂದ್ತಿಲ್ಲ, ಎಲ್ಲಾ ಬಿ = 0 ಇರೋ ಕಡೆನೇ. ಓವರ್‌ಫ್ಲೋ ಕೂಡ ಬಿ = −128 ಇರೋವಾಗೆಲ್ಲ ಉಲ್ಟಾ.

ವೇಫರ್_ವೆಂಕ

ಟೆಸ್ಟ್‌ಬೆಂಚ್ ಚೆನ್ನಾಗಿ ಬರೆದಿದೀಯ, ಸರಿಯಾದ ಎರಡು ಮೂಲೆಗಳನ್ನೇ ಹಿಡಿದಿದೆ.

ಬಿ = 0: ತಿರುಗಿಸಿದ್ರೆ 11111111, 1 ಕೂಡಿದ್ರೆ 1 00000000. ಅವಳ ಬ್ಲಾಕ್ ಆ ಒಂಬತ್ತನೇ ಬಿಟ್ಟನ್ನ ಅಲ್ಲೇ ಎಸೆದುಬಿಡ್ತು. ಮುಂದೆ ಎ + 0, ಕ್ಯಾರಿ 0. ನಿನ್ನದರಲ್ಲಿ ಆ 1 ಕ್ಯಾರಿ-ಇನ್‌ನಿಂದ ಒಳಗೆ ಬಂದು ಇಡೀ ಸರಪಳಿ ದಾಟಿ ಹೊರಗೆ ಬರುತ್ತೆ, ಕ್ಯಾರಿ 1. ಎ ಯಾವತ್ತೂ 0ಗಿಂತ ಚಿಕ್ಕದಲ್ಲ, ಹಾಗಾಗಿ 1 ಸರಿ.

ಬಿ = −128: 10000000 ತಿರುಗಿಸಿದ್ರೆ 01111111, 1 ಕೂಡಿದ್ರೆ ಮತ್ತೆ 10000000. +128ಕ್ಕೆ 8 ಬಿಟ್‌ನಲ್ಲಿ ಜಾಗ ಇಲ್ಲ. ಈಗ −1 − (−128) ಮಾಡು, 127 ಬರಬೇಕು, ಬರುತ್ತೆ. ಆದ್ರೆ ಅವಳ ಆ್ಯಡರ್ ನೋಡೋದು ಎರಡು ಋಣ ಕೂಡಿ ಧನ ಬಂದದ್ದನ್ನ, ಅದಕ್ಕೇ ಓವರ್‌ಫ್ಲೋ ಅಂತ ಕೂಗುತ್ತೆ. ನಿನ್ನ ಆ್ಯಡರ್ ನೋಡೋದು 11111111 ಮತ್ತು 01111111 ಮತ್ತು ಒಂದು ಕ್ಯಾರಿ-ಇನ್. ಕೊನೇ ಹಂತಕ್ಕೆ ಒಳಗೆ 1, ಹೊರಗೂ 1, ಓವರ್‌ಫ್ಲೋ 0.

ಅವಳ ಬ್ಲಾಕ್‌ನಲ್ಲಿ ಆ 1 ಕೂಡೋಕೆ ಎಂಟು ಬಿಟ್‌ನ ಇನ್ನೊಂದು ಆ್ಯಡರ್ ಬೇರೆ ಕೂತಿದೆ. ಅದನ್ನ ತೆಗೆದು ನಿನ್ನ ಎಕ್ಸಾರ್ ಸಾಲನ್ನೇ ಹಾಕಿ, ಕಳೆಯೋ ಸಂಕೇತದ ತಂತಿಯನ್ನ ನೇರ ಕ್ಯಾರಿ-ಇನ್‌ಗೆ ಕೊಡಿ. 8085 ಕ್ರಮ ಬೇಕಿದ್ರೆ ಹೊರಬರೋ ಕ್ಯಾರಿಯನ್ನೂ ಅದೇ ತಂತಿಯ ಜೊತೆ ಎಕ್ಸಾರ್ ಮಾಡಿ. ಕೂಡುವಾಗ ಕ್ಯಾರಿ, ಕಳೆಯುವಾಗ ಬಾರೊ. ಯಾವ ಕ್ರಮ ಹಿಡಿದಿರಿ ಅಂತ ರಿಪೋರ್ಟ್‌ನ ಮೊದಲ ಪುಟದಲ್ಲೇ ಬರೀರಿ, ವೈವಾದಲ್ಲಿ ಖಂಡಿತ ಕೇಳ್ತಾರೆ.